ದೇಣಿಗೆ ಇಳಿದ ವರ್ಷ ಸಂಸ್ಥೆ ನಡೆಸುವುದು ಹೇಗೆ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಮೂರು ಪಾಳಿ ಒಂದಕ್ಕೆ ಇಳಿದರೆ, ರಬಕವಿ-ಬನಹಟ್ಟಿಯಲ್ಲಿ ಮಗ್ಗಗಳು ವಾರದಲ್ಲಿ ಮೂರು ದಿನ ನಿಂತರೆ, ಆ ಊರಿನ ವೃದ್ಧಾಶ್ರಮ, ವಿಶೇಷ ಮಕ್ಕಳ ಶಾಲೆ, ಉಚಿತ ವಸತಿ ನಿಲಯಗಳಿಗೆ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ. ತಿಂಗಳಿಗೆ ಐನೂರು ಕೊಡುತ್ತಿದ್ದ ಅಂಗಡಿಯವರು "ಮುಂದಿನ ತಿಂಗಳ ನೋಡೋಣ್ರಿ" ಅನ್ನುತ್ತಾರೆ. ಅದೇ ತಿಂಗಳು ಕೆಲಸ ಹೋದ ಮನೆಯವರು ಮಗುವನ್ನು ನಿಲಯಕ್ಕೆ ಸೇರಿಸಿಕೊಳ್ಳಿ ಎಂದು ಬರುತ್ತಾರೆ. ಗುಳೆ ಹೋದವರು ಮರಳಿದಾಗ ಔಷಧಿಗೆ, ರೇಷನ್ನಿಗೆ, ಶಾಲೆ ಫೀಗೆ ಕೇಳುವವರು ಹೆಚ್ಚುತ್ತಾರೆ.

ಆರ್ಥಿಕ ಹಿಂಜರಿತದ ವರ್ಷ ಸಂಸ್ಥೆಗಳು ಮುಚ್ಚುವುದಕ್ಕೆ ದೇಣಿಗೆಯ ಇಳಿಕೆಯೊಂದೇ ಕಾರಣವಲ್ಲ. ಕೊರತೆ ತಡವಾಗಿ ಕಣ್ಣಿಗೆ ಬೀಳುತ್ತದೆ, ಬಿದ್ದ ಮೇಲೆ ತೆಗೆಯಬಾರದ ಕಡೆಯಿಂದ ಹಣ ತೆಗೆಯುತ್ತಾರೆ. ಹೆಚ್ಚಿನ ಸಂಸ್ಥೆಗಳನ್ನು ಕೆಡಿಸುವುದು ಇದು. ವರ್ಷಕ್ಕೆ ಹತ್ತರಿಂದ ಐವತ್ತು ಲಕ್ಷದೊಳಗೆ ಖರ್ಚು ಮಾಡುವ, ಒಬ್ಬ ಕಾರ್ಯದರ್ಶಿ, ಒಬ್ಬ ಖಜಾಂಚಿಯ ಮೇಲೆ ನಿಂತಿರುವ ಸಂಸ್ಥೆಗಳನ್ನು ಕಣ್ಣ ಮುಂದಿಟ್ಟುಕೊಂಡು ಈ ಕ್ರಮ ಹೇಳುತ್ತಿದ್ದೇವೆ.

ಮೊದಲ ಹೆಜ್ಜೆ: ನಿಜವಾಗಿ ಎಷ್ಟು ತಿಂಗಳ ಹಣವಿದೆ

ಪಾಸ್‌ಬುಕ್ಕಿನ ಕೊನೆಯ ಸಾಲು ನೋಡಿ ಧೈರ್ಯ ತಂದುಕೊಳ್ಳುವುದು ಎಲ್ಲ ಕಡೆಯೂ ಆಗುವ ತಪ್ಪು. ಆ ಮೊತ್ತದಲ್ಲಿ ಬೇರೆಯವರ ಹಣ ಕಲೆತಿರುತ್ತದೆ. ಒಂದು ಲೆಕ್ಕ ಇಟ್ಟುಕೊಳ್ಳೋಣ. ಬ್ಯಾಂಕಿನಲ್ಲಿ 9.4 ಲಕ್ಷ ಇದೆ. ಅದರಲ್ಲಿ ಕಂಪನಿಯೊಂದು ಕಂಪ್ಯೂಟರ್ ಕೋಣೆಗೆಂದೇ ಕೊಟ್ಟು ಇನ್ನೂ ಖರ್ಚಾಗದ್ದು 3.1 ಲಕ್ಷ. ದಾನಿಯೊಬ್ಬರು ಮಕ್ಕಳ ಪರೀಕ್ಷಾ ಶುಲ್ಕಕ್ಕೆಂದು ಕೊಟ್ಟದ್ದು 60 ಸಾವಿರ. ಕಟ್ಟಬೇಕಾದ ಪಿಎಫ್ (ಭವಿಷ್ಯ ನಿಧಿ), ಟಿಡಿಎಸ್ (ಮೂಲದಲ್ಲೇ ಕಡಿದ ತೆರಿಗೆ) 50 ಸಾವಿರ. ಕಿರಾಣಿ, ಗ್ಯಾಸ್, ತರಕಾರಿಯ ಉದ್ರಿ 70 ಸಾವಿರ. ಇವಿಷ್ಟನ್ನು ಕಳೆದರೆ ನಿಮ್ಮದು ಅನ್ನಬಹುದಾದದ್ದು 4.5 ಲಕ್ಷ. ತಿಂಗಳ ಕಡ್ಡಾಯ ಖರ್ಚು, ಅಂದರೆ ಊಟ, ಪಗಾರ, ಬಾಡಿಗೆ, ಕರೆಂಟು, ಔಷಧಿ, 1.8 ಲಕ್ಷ ಇದ್ದರೆ ಉಳಿದಿರುವುದು ಎರಡೂವರೆ ತಿಂಗಳು. ಪಾಸ್‌ಬುಕ್ಕು ಮಾತ್ರ ಐದು ತಿಂಗಳಿದೆ ಎಂದು ತೋರಿಸುತ್ತಿರುತ್ತದೆ.

ಈ ಅಂಕಿಯನ್ನು ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಖಜಾಂಚಿ ತೆಗೆದು ಎಲ್ಲ ಟ್ರಸ್ಟಿಗಳ ಫೋನಿಗೆ ಕಳಿಸಬೇಕು. ಇಡೀ ಬ್ಯಾಲೆನ್ಸ್ ಶೀಟ್ ಬೇಡ, ಅದನ್ನು ಯಾರೂ ಓದುವುದಿಲ್ಲ. ಒಂದೇ ಸಾಲು ಸಾಕು: ನಮ್ಮ ಹಣ ಇಷ್ಟು, ಇಷ್ಟು ತಿಂಗಳಿಗೆ ಬರುತ್ತದೆ.

ಎರಡನೇ ಹೆಜ್ಜೆ: ಯಾವ ದೇಣಿಗೆ ಯಾವಾಗ ಇಳಿಯುತ್ತದೆ

ಎಲ್ಲ ಹಣವೂ ಒಟ್ಟಿಗೆ ಇಳಿಯುವುದಿಲ್ಲ, ಒಟ್ಟಿಗೆ ಏರುವುದೂ ಇಲ್ಲ. ಇದನ್ನು ಅರಿತರೆ ಆರು ತಿಂಗಳು ಮೊದಲೇ ಎಚ್ಚರವಾಗಲು ಸಾಧ್ಯ.

ಪೇಟೆಯ ದಾನಿಗಳ ಹಣ ಎಲ್ಲಕ್ಕಿಂತ ಮೊದಲು, ವ್ಯಾಪಾರ ಇಳಿದ ತಿಂಗಳೇ ಇಳಿಯುತ್ತದೆ. ಇಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದ್ದರಿಂದ ದಾನಿಗಳ ಪಟ್ಟಿಯಲ್ಲಿ "ಕೊನೆಯ ಬಾರಿ ಕೊಟ್ಟ ತಿಂಗಳು" ಎಂಬ ಒಂದು ಕಾಲಂ ಇರಲೇಬೇಕು. ಎರಡು ತಿಂಗಳು ತಪ್ಪಿದವರ ಸಂಖ್ಯೆ ಪಟ್ಟಿಯ ಐದನೇ ಒಂದು ಭಾಗ ದಾಟಿದರೆ ಹಿಂಜರಿತ ನಿಮ್ಮ ಬಾಗಿಲಿಗೆ ಬಂದಿದೆ ಎಂದೇ ತಿಳಿಯಿರಿ.

ರೈತರ ಹಣ ದೇಶದ ಮಾರುಕಟ್ಟೆಗಿಂತ ಮಳೆಗೆ, ದರಕ್ಕೆ ಅಂಟಿಕೊಂಡಿರುತ್ತದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ 2023ರಂಥ ವರ್ಷ ಪೇಟೆ ನಡೆಯುತ್ತಿದ್ದರೂ ಹಳ್ಳಿಯ ದೇಣಿಗೆ ಒಣಗುತ್ತದೆ. ಉದ್ಯಮಬಾಗ ಸೊರಗಿದ ವರ್ಷ ಕಬ್ಬು ಚೆನ್ನಾಗಿದ್ದರೆ ಅದೇ ಕೈ ಹಿಡಿಯುತ್ತದೆ. ಇಲ್ಲಿಯ ಕಾಲ ಹೀಗಿದೆ: ಬಾಗಲಕೋಟೆ ಕಡೆ ಈರುಳ್ಳಿ ಅಕ್ಟೋಬರ್–ನವೆಂಬರಿಗೆ, ವಿಜಯಪುರದ ತೊಗರಿ ಡಿಸೆಂಬರ್–ಜನವರಿಗೆ, ಹಿಂಗಾರಿ ಜೋಳದ ರಾಶಿ ಫೆಬ್ರವರಿ–ಮಾರ್ಚಿಗೆ. ಅದರ ಬೆನ್ನಿಗೆ ದ್ರಾಕ್ಷಿ ಕಟಾವು, ಒಣದ್ರಾಕ್ಷಿಯ ಕೆಲಸ. ಕಬ್ಬು ನುರಿಸುವುದು ನವೆಂಬರಿನಿಂದ ಮಾರ್ಚಿನವರೆಗೆ. ಕಬ್ಬಿನ ಬಿಲ್ಲು 14 ದಿನದೊಳಗೆ ಕೊಡಬೇಕೆಂದು ಕಬ್ಬು ನಿಯಂತ್ರಣ ಆದೇಶ ಹೇಳಿದರೂ ಬಾಕಿ ಉಳಿಯುವುದು ಹೊಸದೇನಲ್ಲ. 2025ರ ನವೆಂಬರಿನಂತೆ ದರದ ಹೋರಾಟ ನಡೆದಾಗ ಹಂಗಾಮೇ ಹಿಂದೆ ಸರಿಯುತ್ತದೆ. ಆದ್ದರಿಂದ ಕಬ್ಬಿನ ರೈತರ ದೇಣಿಗೆಯನ್ನು ಹಂಗಾಮು ಶುರುವಾದ ತಿಂಗಳಿಗೆ ಬರೆಯದೆ, ಎರಡು ತಿಂಗಳು ಆಚೆಗೆ ಬರೆಯಿರಿ.

ವರ್ಷದಲ್ಲಿ ಕೆಟ್ಟ ಕಾಲ ಜೂನ್‌ನಿಂದ ಆಗಸ್ಟ್. ರೈತರ ಹಣ ಬೀಜ ಗೊಬ್ಬರಕ್ಕೆ ಹೋಗುತ್ತದೆ, ಪೇಟೆ ಮಂದವಾಗಿರುತ್ತದೆ, ಸಂಸ್ಥೆಗೆ ಮಾತ್ರ ಶಾಲೆ ಆರಂಭದ ನೋಟ್‌ಬುಕ್ಕು, ಸಮವಸ್ತ್ರ, ಪ್ರವೇಶ ಶುಲ್ಕ ಎಲ್ಲ ಒಟ್ಟಿಗೆ ಬರುತ್ತದೆ. ಹಿಂಜರಿತದ ವರ್ಷ ಸಂಸ್ಥೆಗಳು ಎಡವುವುದು ಬಹಳಷ್ಟು ಈ ಮೂರು ತಿಂಗಳಲ್ಲಿ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದ ನಡೆ ತಿರುಗಾಮುರುಗಾ. ಕಂಪನಿ ಕಾಯ್ದೆ 2013ರ 135ನೇ ಕಲಂ ಪ್ರಕಾರ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಖರ್ಚು ಮಾಡಬೇಕು. ಸರಾಸರಿ ಇರುವುದರಿಂದ ಇಳಿಕೆ ತಡವಾಗಿ ಬರುತ್ತದೆ, ಬಂದ ಮೇಲೆ ಬೇಗ ಹೋಗುವುದಿಲ್ಲ. ಒಂದು ಕಂಪನಿಗೆ ವರ್ಷಕ್ಕೆ 18 ಕೋಟಿಯಂತೆ ಮೂರು ವರ್ಷ ಲಾಭ ಬಂದಿದ್ದರೆ ಸಿಎಸ್‌ಆರ್ 36 ಲಕ್ಷ. ಮುಂದಿನ ವರ್ಷ ಲಾಭ 6 ಕೋಟಿಗೆ ಬಿದ್ದರೆ ಅದರ ಮರುವರ್ಷದ ಸಿಎಸ್‌ಆರ್ 28 ಲಕ್ಷ. ಮತ್ತೊಂದು ವರ್ಷವೂ 6 ಕೋಟಿಯೇ ಆದರೆ 20 ಲಕ್ಷ. ಆಮೇಲೆ ಲಾಭ ಮರಳಿ 18 ಕೋಟಿಗೆ ಏರಿದರೂ ಸಿಎಸ್‌ಆರ್ ಆ ವರ್ಷ 20 ಲಕ್ಷದಲ್ಲೇ ನಿಂತಿರುತ್ತದೆ. "ಮಾರ್ಕೆಟ್ ಸುಧಾರಿಸಿತಲ್ಲ, ಈ ವರ್ಷ ಕಂಪನಿ ಹೆಚ್ಚು ಕೊಡುತ್ತದೆ" ಎಂದು ಬಜೆಟ್ ಹಾಕಿದ ಸಂಸ್ಥೆ ಮೋಸಹೋಗುವುದು ಇಲ್ಲಿಯೇ. ಇನ್ನೊಂದು ಅಪಾಯವಿದೆ. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1000 ಕೋಟಿ, ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಯಾವ ಮಿತಿಯನ್ನೂ ಹಿಂದಿನ ವರ್ಷ ಮುಟ್ಟದ ಕಂಪನಿಗೆ ಸಿಎಸ್‌ಆರ್ ಕಡ್ಡಾಯವೇ ಅಲ್ಲ. ಜಿಲ್ಲೆಯ ಮಧ್ಯಮ ಗಾತ್ರದ ಕಂಪನಿಗಳಲ್ಲಿ ಬಹಳಷ್ಟು ಲಾಭದ ಮಿತಿಯಿಂದಷ್ಟೇ ಪಟ್ಟಿಯಲ್ಲಿರುತ್ತವೆ. ಲಾಭ 5 ಕೋಟಿಗಿಂತ ಕೆಳಗಿಳಿದರೆ 36 ಲಕ್ಷ ಒಮ್ಮೆಲೇ ಸೊನ್ನೆಯಾಗಬಹುದು. ಜನವರಿಯಲ್ಲೇ ಕಂಪನಿಯ ಲೆಕ್ಕ ವಿಭಾಗಕ್ಕೆ ಫೋನ್ ಮಾಡಿ ಈ ವರ್ಷದ ಲಾಭ ಹೇಗಿದೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಠೇವಣಿಯ ಬಡ್ಡಿಯೂ ಹಿಂಜರಿತದಲ್ಲಿ ಇಳಿಯುತ್ತದೆ, ಏಕೆಂದರೆ ಆರ್ಥಿಕತೆಗೆ ಚೇತರಿಕೆ ಕೊಡಲು ರಿಸರ್ವ್ ಬ್ಯಾಂಕ್ ರೆಪೊ ದರ, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ, ಕಡಿಮೆ ಮಾಡುತ್ತದೆ. 2020ರ ಮಾರ್ಚ್ ಮತ್ತು ಮೇ ನಡುವೆ ಅದು ಶೇ. 5.15ರಿಂದ 4ಕ್ಕೆ ಬಂತು. 40 ಲಕ್ಷದ ಮೂಲನಿಧಿ ಇರುವ ಸಂಸ್ಥೆಗೆ ಬಡ್ಡಿ ಶೇ. 7ರಿಂದ 5.5ಕ್ಕೆ ಇಳಿದರೆ ವರ್ಷಕ್ಕೆ 60 ಸಾವಿರ ಕೊರತೆ. ಆಗ ಒಂದೆರಡು ಪ್ರತಿಶತ ಹೆಚ್ಚು ಕೊಡುವ ಪತ್ತಿನ ಸಹಕಾರಿ ಸಂಘದ ಕಡೆ ಮನಸ್ಸು ವಾಲುತ್ತದೆ. ಬೇಡ. ರಿಸರ್ವ್ ಬ್ಯಾಂಕ್ ಪರವಾನಗಿ ಇಲ್ಲದ ಸಂಘಗಳ ಠೇವಣಿಗೆ 5 ಲಕ್ಷದವರೆಗಿನ ಡಿಐಸಿಜಿಸಿ ವಿಮೆಯೂ ಇಲ್ಲ. ತೆರಿಗೆ ಕಾಯ್ದೆ ಟ್ರಸ್ಟುಗಳಿಗೆ ಒಪ್ಪಿದ ಹೂಡಿಕೆ ಅದಲ್ಲ ಎಂಬ ತಕರಾರೂ ಬರುತ್ತದೆ. ಸಂಘದ ಅಧ್ಯಕ್ಷರು ನಿಮ್ಮ ಟ್ರಸ್ಟಿಯೇ ಆಗಿದ್ದರೂ ಉತ್ತರ ಇದೇ.

ಈ ಮೂಲಗಳನ್ನೆಲ್ಲ ಒಂದು ದೊಡ್ಡ ಹಾಳೆಯಲ್ಲಿ ಏಪ್ರಿಲ್‌ನಿಂದ ಮಾರ್ಚಿನವರೆಗೆ ಬರೆಯಿರಿ. ಪ್ರತಿ ತಿಂಗಳಿಗೆ ಮೂರು ಅಂಕಿ: ಕಳೆದ ವರ್ಷ ಬಂದದ್ದು, ಈ ವರ್ಷ ಬಂದೇ ಬರುತ್ತದೆ ಅನ್ನುವುದು, ಬರಬಹುದು ಅನ್ನುವುದು. ಖರ್ಚಿನ ನಿರ್ಧಾರ ಎರಡನೇ ಅಂಕಿಯ ಮೇಲೆ ಮಾತ್ರ ಆಗಲಿ. ಸರ್ಕಾರದ ಅನುದಾನ ಮಂಜೂರಾದ ಪತ್ರ ಕೈಯಲ್ಲಿದ್ದರೂ, ಖಾತೆಗೆ ಬೀಳುವವರೆಗೆ ಅದು ಮೂರನೇ ಅಂಕಿಯೇ.

ಮೂರನೇ ಹೆಜ್ಜೆ: ಎಲ್ಲಿ ನಿಲ್ಲಬೇಕೆಂದು ಮೊದಲೇ ಠರಾವು ಮಾಡಿ

ಕೈ ಬರಿದಾದ ಮೇಲೆ ಕೂತ ಸಭೆಯಲ್ಲಿ ಒಳ್ಳೆಯ ನಿರ್ಧಾರ ಆಗುವುದಿಲ್ಲ, ಜಗಳ ಆಗುತ್ತದೆ. ನಾಲ್ಕು ತಿಂಗಳ ಹಣ ಉಳಿದಾಗ ಹೊಸ ಖರೀದಿ, ಹೊಸ ನೇಮಕ ಬಂದ್. ಮೂರಕ್ಕೆ ಇಳಿದಾಗ ಹೊಸ ಪ್ರವೇಶಕ್ಕೆ ತಡೆ; ಖಾಲಿಯಾದ ಜಾಗ ತುಂಬಬಹುದು, ಜಾಗ ಹೆಚ್ಚಿಸುವಂತಿಲ್ಲ. ಎರಡಕ್ಕೆ ಬಂದಾಗ ಹದಿನೈದು ದಿನಕ್ಕೊಮ್ಮೆ ಆಡಳಿತ ಮಂಡಳಿ ಸಭೆ, ಬೇರೆ ಸಂಸ್ಥೆಯೊಂದಿಗೆ ಸೇರುವ ಮಾತುಕತೆ ಆರಂಭ. ಇದನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ.

ಪ್ರವೇಶಕ್ಕೆ ತಡೆ ಹಾಕುವುದೇ ಮನಸ್ಸಿಗೆ ಅತಿ ಕಷ್ಟ. ಬಾಗಿಲಲ್ಲಿ ಮಗು ನಿಂತಿರುವಾಗ ಇಲ್ಲ ಅನ್ನುವುದು ಹೇಗೆ? ಆದರೆ ನಲವತ್ತು ಮಕ್ಕಳಿಗೆ ಇರುವ ಅಡುಗೆ, ಶೌಚಾಲಯ, ಇಬ್ಬರು ಪಾಲಕಿಯರಲ್ಲಿ ಅರವತ್ತು ಮಕ್ಕಳನ್ನು ಇಟ್ಟುಕೊಂಡ ನಿಲಯದಲ್ಲಿ ಎಲ್ಲರ ಆರೈಕೆಯೂ ಕೆಡುತ್ತದೆ. ಇಲ್ಲ ಅನ್ನುವ ದಿನಕ್ಕಾಗಿ ಬೇರೆ ದಾರಿಯ ಪಟ್ಟಿ ಬಾಗಿಲ ಬಳಿಯೇ ಇರಲಿ: ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾರ್ಥಿ ನಿಲಯಗಳು, ಮಕ್ಕಳ ಸಹಾಯವಾಣಿ 1098, ಹಿರಿಯರ ಸಹಾಯವಾಣಿ 14567. ಫೋನ್ ನೀವೇ ಹಚ್ಚಿ ಕೊಡಿ.

ನಾಲ್ಕನೇ ಹೆಜ್ಜೆ: ಕಡಿತದ ಸರದಿ

"ಎಲ್ಲದರಲ್ಲೂ ಶೇ. 20 ಕಡಿತ" ಎಂಬ ಠರಾವು ನ್ಯಾಯವಾಗಿ ಕಾಣುತ್ತದೆ, ಕೆಲಸಕ್ಕೆ ಬರುವುದಿಲ್ಲ. ಶೇ. 20 ಕಡಿಮೆ ಅಡುಗೆಯವರು ಎಂಬುದು ಇಲ್ಲ. ಒಬ್ಬರು ಇರುತ್ತಾರೆ, ಇಲ್ಲವೇ ಇರುವುದಿಲ್ಲ. ಮೊದಲು ಹೋಗಬೇಕಾದದ್ದು ವಾರ್ಷಿಕೋತ್ಸವದ ಪೆಂಡಾಲು, ಶಾಲು ಹಾರ ಫಲಪುಷ್ಪ, ಬಣ್ಣದ ವರದಿ ಪುಸ್ತಕ, ಪೇಟೆಯಲ್ಲಿನ ಬಾಡಿಗೆ ಕಚೇರಿ. ಆಮೇಲೆ ಎರಡನೇ ವಾಹನ. ಮುಟ್ಟಲೇಬಾರದ್ದು ಅಡುಗೆ, ಆರೈಕೆ, ಔಷಧಿ, ವಾಹನದ ವಿಮೆ, ಲೆಕ್ಕ ಪರಿಶೋಧನೆ ಮತ್ತು ನೋಂದಣಿ ನವೀಕರಣ. ಕೊನೆಯ ಎರಡನ್ನು ಕಷ್ಟದ ವರ್ಷ ಮುಂದೂಡುವವರು ಬಹಳ. ಲೆಕ್ಕ ಪರಿಶೋಧಕರ ಶುಲ್ಕ ಉಳಿಸಲು ಹೋಗಿ 12ಎಬಿ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಅಥವಾ 80ಜಿ (ದಾನಿಗೆ ತೆರಿಗೆ ವಿನಾಯಿತಿ) ನೋಂದಣಿಯ ಅವಧಿ ಮುಗಿದರೆ ಸಿಎಸ್‌ಆರ್ ಬಾಗಿಲೇ ಮುಚ್ಚುತ್ತದೆ. ಕಾರಣ, ಸಿಎಸ್‌ಆರ್‌ಗೆ ಬೇಕಾದ ಸಿಎಸ್‌ಆರ್-1 ನೋಂದಣಿ ಈ ಎರಡರ ಮೇಲೆ ನಿಂತಿದೆ. ನವೀಕರಣದ ಅರ್ಜಿ ಅವಧಿ ಮುಗಿಯುವ ಆರು ತಿಂಗಳು ಮೊದಲೇ ಹಾಕಬೇಕು.

ಪಗಾರದ ವಿಷಯ ಬೇರೆಯೇ ಮಾತು. ಹೇಳದೆ ಕೇಳದೆ ಎರಡು ತಿಂಗಳು ತಡ ಮಾಡುವುದು ಅತಿ ಕೆಟ್ಟ ದಾರಿ. ಮೊದಲು ಬಿಟ್ಟುಹೋಗುವವರು ಬೇರೆ ಕಡೆ ಕೆಲಸ ಸಿಗುವಂಥ ಒಳ್ಳೆಯ ಶಿಕ್ಷಕರು, ನರ್ಸುಗಳು. ಎಲ್ಲರನ್ನೂ ಕೂರಿಸಿ ಆ ಒಂದು ಸಾಲಿನ ಲೆಕ್ಕ ತೋರಿಸಿ. ಪಗಾರ ಕಡಿಮೆ ಮಾಡುವುದಾದರೆ ಕೆಲಸದ ಗಂಟೆಯೂ ಅಷ್ಟೇ ಕಡಿಮೆಯಾಗಲಿ, ಎಷ್ಟು ತಿಂಗಳಿಗೆ ಎಂಬುದನ್ನು ಬರೆದು ಇಬ್ಬರೂ ಸಹಿ ಮಾಡಲಿ, ಹೆಚ್ಚು ಪಗಾರದವರಿಂದ ಶುರುವಾಗಲಿ. ಕೆಲಸದವರಿಂದ ಕಡಿದ ಪಿಎಫ್ ಹಣ ಮರುತಿಂಗಳ 15ರೊಳಗೆ, ಟಿಡಿಎಸ್ 7ರೊಳಗೆ ಕಟ್ಟಲೇಬೇಕು. ಅದು ಸಂಸ್ಥೆಯ ಹಣವಲ್ಲ. ಯಾರನ್ನಾದರೂ ಬಿಡುವ ಮುನ್ನ ಗ್ರಾಚ್ಯುಟಿ ಲೆಕ್ಕ ಹಾಕಿ: ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಮತ್ತು ಸೇವೆಯ ವರ್ಷಗಳಿಂದ ಗುಣಿಸಬೇಕು. 13,000 ಪಗಾರದಲ್ಲಿ ಹತ್ತು ವರ್ಷ ದುಡಿದವರಿಗೆ 75,000. ಈ ಮೊತ್ತ ಕೈಯಲ್ಲಿಲ್ಲದೆ ಅವರನ್ನು ಬಿಟ್ಟು ಉಳಿತಾಯ ಮಾಡುತ್ತೇವೆ ಅನ್ನುವುದು ಸುಳ್ಳು ಲೆಕ್ಕ.

ಐದನೇ ಹೆಜ್ಜೆ: ಹಣ ಇಲ್ಲದವರಿಂದ ಕಾಳು ಕೇಳಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರೂ ಜಿಲ್ಲೆಯ ಮಠಗಳ ದಾಸೋಹ, ಪ್ರಸಾದ ನಿಲಯಗಳು ರೈತರ ಕಾಳಿನಿಂದ ನಡೆದು ಬಂದವು. ರೊಕ್ಕ ಕೊಡಲಾಗದ ಮನೆಯೂ ರಾಶಿಯ ಕಾಲಕ್ಕೆ ಕಾಳು ಕೊಡುತ್ತದೆ. ಕೇಳುವಾಗ ಮಾತ್ರ ಲೆಕ್ಕ ಖಚಿತವಿರಬೇಕು. ನಲವತ್ತು ಜನರಿಗೆ, ತಲೆಗೆ ದಿನಕ್ಕೆ 350 ಗ್ರಾಂ ಕಾಳು ಹಿಡಿದರೆ 14 ಕೆಜಿ. ಅರ್ಧ ಜೋಳ, ಅರ್ಧ ಅಕ್ಕಿ ಎಂದರೆ ವರ್ಷಕ್ಕೆ ಜೋಳ ಸುಮಾರು 25 ಕ್ವಿಂಟಲ್. ಅಂದರೆ ಐವತ್ತು ಮನೆಗಳಿಂದ ತಲಾ 50 ಕೆಜಿ. "ಏನಾದರೂ ಸಹಾಯ ಮಾಡಿ" ಅನ್ನುವುದಕ್ಕಿಂತ "ನಿಮ್ಮಿಂದ ಅರ್ಧ ಕ್ವಿಂಟಲ್ ಬಿಳಿಜೋಳ ಬೇಕು, ಗಾಡಿ ನಾವೇ ತರುತ್ತೇವೆ" ಅನ್ನುವುದಕ್ಕೆ ಒಪ್ಪಿಗೆ ಬೇಗ ಸಿಗುತ್ತದೆ. ಗಾಡಿಯ ಡೀಸೆಲ್ ಉಳಿಸಲು ಒಂದು ಊರಿನ ಎಂಟು ಹತ್ತು ಮನೆಗಳನ್ನು ಒಂದೇ ದಿನಕ್ಕೆ ಹೊಂದಿಸಿ.

ಕೆಡುವುದು ಶೇಖರಣೆಯಲ್ಲಿ. ತೇವಾಂಶ ಶೇ. 12ಕ್ಕಿಂತ ಹೆಚ್ಚಿದ್ದರೆ ಮಳೆಗಾಲದ ಹೊತ್ತಿಗೆ ಹುಳು, ಬೂಷ್ಟು. ಹಲ್ಲಿನಲ್ಲಿ ಕಚ್ಚಿದಾಗ ಕಾಳು ಟಕ್ಕನೆ ಒಡೆಯಬೇಕು; ಮೆತ್ತಗಾದರೆ ಎರಡು ಮೂರು ದಿನ ಬಿಸಿಲಿಗೆ ಹಾಕಿ. ಬೇರೆ ಬೇರೆ ಮನೆಯ ಕಾಳನ್ನು ಪರೀಕ್ಷಿಸದೆ ಒಂದೇ ಕಣಜಕ್ಕೆ ಸುರಿದರೆ ಒಂದು ಹುಳುಕು ಚೀಲ ಇಡೀ ರಾಶಿಯನ್ನು ಕೆಡಿಸುತ್ತದೆ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ದೂರ ಇಡಿ, ಹದಿನೈದು ದಿನಕ್ಕೊಮ್ಮೆ ನೋಡಿ, ಮೊದಲು ಬಂದದ್ದನ್ನು ಮೊದಲು ಬಳಸಿ. ಜೋಳದ ಹಿಟ್ಟು ಬೇಗ ಕಹಿಯಾಗುವುದರಿಂದ ಒಂದು ವಾರಕ್ಕೆ ಬೇಕಾದಷ್ಟೇ ಬೀಸಿಸಿ.

ಹಳೆ ಬಟ್ಟೆಯ ಗಂಟು, ಅವಧಿ ಮುಗಿದ ಔಷಧಿ, ಮದುವೆ ಮನೆಯಲ್ಲಿ ಉಳಿದ ಊಟ ಮೂರಕ್ಕೂ ಮೊದಲೇ ನಿಯಮ ಇರಲಿ. ಬೇಯಿಸಿ ನಾಲ್ಕು ಗಂಟೆ ದಾಟಿದ ಅನ್ನ ಪಲ್ಯ ತೆಗೆದುಕೊಳ್ಳಬೇಡಿ. ದಾನಿಗೆ ಬೇಸರವಾದರೆ ಆಗಲಿ. ಕಾಳಿಗೂ ತೂಕ, ದಿನಾಂಕ ಬರೆದ ರಸೀದಿ ಕೊಡಿ, ದಾಸ್ತಾನು ಪುಸ್ತಕಕ್ಕೆ ಏರಿಸಿ. ವಸ್ತು ರೂಪದ ದಾನಕ್ಕೆ 80ಜಿ ವಿನಾಯಿತಿ ಇಲ್ಲ ಎಂಬುದನ್ನು ಮುಚ್ಚಿಡಬೇಡಿ.

ಆರನೇ ಹೆಜ್ಜೆ: ದಾನಿಗಳೊಂದಿಗೆ ಮಾತು

ತಪ್ಪಿದ ದಾನಿಗೆ ಫೋನ್ ಮಾಡಬೇಕಾದವರು ಟ್ರಸ್ಟಿಗಳು, ಪಗಾರದ ಕ್ಲರ್ಕ್ ಅಲ್ಲ. ದೊಡ್ಡ ಇಪ್ಪತ್ತೈದು ದಾನಿಗಳನ್ನು ಹಂಚಿಕೊಳ್ಳಿ. ಹೇಳಬೇಕಾದದ್ದು ಮೂರೇ ಮಾತು: ನಿಮ್ಮ ವ್ಯಾಪಾರ ಹೇಗಿದೆ; ನಮ್ಮಲ್ಲಿ ಇಷ್ಟು ತಿಂಗಳ ಹಣ ಉಳಿದಿದೆ; ಐನೂರು ಆಗದಿದ್ದರೆ ಇನ್ನೂರು ಕೊಟ್ಟರೂ ಸಾಕು, ನಿಲ್ಲಿಸಬೇಡಿ. ಕಡಿಮೆ ಮಾಡಿದ ದಾನಿ ಮುಂದೆ ಏರಿಸುತ್ತಾರೆ. ಪೂರ್ತಿ ನಿಲ್ಲಿಸಿದವರನ್ನು ಮರಳಿ ತರುವುದು ಬಹಳ ಕಷ್ಟ. ಇನ್ನೂರು ರೂಪಾಯಿಗೆ ಯುಪಿಐ ಆಟೊಪೇ ಹಾಕಿಸಿದರೆ ತಿಂಗಳು ತಿಂಗಳು ಕೇಳುವ ಮುಜುಗರ ಇಬ್ಬರಿಗೂ ತಪ್ಪುತ್ತದೆ. ಬೆಳಗಾವಿ ಪೇಟೆಯಲ್ಲಿ ಮನವಿ ಪತ್ರ ಕನ್ನಡ, ಮರಾಠಿ ಎರಡರಲ್ಲೂ ಇರಲಿ.

ತೆರಿಗೆ ವಿನಾಯಿತಿಯ ಆಸೆ ತೋರಿಸಿ ಕೇಳುವಾಗ ಎಚ್ಚರ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ 80ಜಿ ಕಡಿತ ಸಿಗುವುದಿಲ್ಲ, ಈಗ ಯಾರೂ ಬೇರೆ ಆರಿಸದಿದ್ದರೆ ಹೊಸದೇ ಅನ್ವಯ. 2,000 ರೂಪಾಯಿ ಮೀರಿದ ನಗದಿಗೂ ಇಲ್ಲ. ಹಳೆ ಪದ್ಧತಿಯವರಿಗೆ ಪ್ರಮಾಣಪತ್ರ ಸಿಗಬೇಕಾದರೆ ದಾನಿಗಳ ವಿವರವನ್ನು ಮೇ 31ರೊಳಗೆ ಇಲಾಖೆಗೆ ಸಲ್ಲಿಸಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಆದಾಯ ತೆರಿಗೆ ಕಾಯ್ದೆ 2025 ಜಾರಿಗೆ ಬಂದದ್ದು 2026ರ ಏಪ್ರಿಲ್ 1ರಿಂದ. ಕಲಂ ಸಂಖ್ಯೆಗಳು ಬದಲಾಗಿವೆ. ಇಲ್ಲಿ ಜನರ ಬಾಯಲ್ಲಿರುವ ಹಳೆ ಸಂಖ್ಯೆಗಳನ್ನೇ ಬಳಸಿದ್ದೇವೆ, ಅರ್ಜಿ ತುಂಬುವಾಗ ಲೆಕ್ಕ ಪರಿಶೋಧಕರಿಂದ ಹೊಸವನ್ನು ಪಡೆದುಕೊಳ್ಳಿ.

ವಿದೇಶದಲ್ಲಿರುವ ಊರಿನವರ ನೆನಪೂ ಇದೇ ಹೊತ್ತಿಗೆ ಬರುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡಿನವರಾಗಿದ್ದರೂ, ಕೊಟ್ಟದ್ದು ಆಗುತ್ತದೆ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇಲ್ಲದೆ ಹತ್ತು ಸಾವಿರವನ್ನೂ ಪಡೆಯಬೇಡಿ. ನೋಂದಣಿ ಇರುವ ಇನ್ನೊಂದು ಸಂಸ್ಥೆಯ ಖಾತೆಗೆ ತರಿಸಿ ಅಲ್ಲಿಂದ ಪಡೆಯುವ ದಾರಿಯನ್ನು 2020ರ ತಿದ್ದುಪಡಿ ಮುಚ್ಚಿದೆ.

ಸಾಲ, ಮೂಲನಿಧಿ, ಮೀಸಲು

ಯೋಜನೆಗೆಂದು ಬಂದ ಹಣವನ್ನು "ಮುಂದಿನ ತಿಂಗಳು ತುಂಬಿದರಾಯಿತು" ಎಂದು ಪಗಾರಕ್ಕೆ ಬಳಸುವುದು ಸಂಸ್ಥೆಯ ಹೆಸರನ್ನೇ ಮುಳುಗಿಸುವ ಕೆಲಸ. ಕಂಪನಿಯವರು ಖರ್ಚಿನ ದಾಖಲೆ ಕೇಳುವುದು ನಿಮ್ಮ ಕೈ ಬರಿದಾದ ತಿಂಗಳೇ ಆಗಿರುತ್ತದೆ. ಬೇಕೆಂದರೆ ಕೊಟ್ಟವರಿಗೆ ಪತ್ರ ಬರೆದು, ಉಳಿದ 3.1 ಲಕ್ಷದಲ್ಲಿ ಒಂದು ಭಾಗವನ್ನು ಊಟಕ್ಕೆ ಬಳಸಲು ಲಿಖಿತ ಒಪ್ಪಿಗೆ ಕೇಳಿ. ಕಾರಣ ಹೇಳಿ ಕೇಳಿದರೆ ಒಪ್ಪುವವರು ಇದ್ದಾರೆ. ತೆರಿಗೆ ವಿನಾಯಿತಿಗೆ ಆದಾಯದ ಶೇ. 85ನ್ನು ಖರ್ಚು ಮಾಡಿ ತೋರಿಸಬೇಕು; ಮೂಲನಿಧಿಯಿಂದ ತೆಗೆದದ್ದು ಆ ಲೆಕ್ಕಕ್ಕೆ ಆಗ ಸೇರುವುದಿಲ್ಲ, ಐದು ವರ್ಷದೊಳಗೆ ಮರಳಿ ತುಂಬಿದಾಗ ಸೇರುತ್ತದೆ. ಆದ್ದರಿಂದ ಎಷ್ಟು, ಯಾವ ಠೇವಣಿಯಿಂದ, ಯಾವಾಗ ತುಂಬುವುದು ಎಂಬ ಠರಾವಿಲ್ಲದೆ ಮುಟ್ಟಬೇಡಿ. ಟ್ರಸ್ಟಿಯೊಬ್ಬರು ಸ್ವಂತ ಹಣ ಹಾಕುವುದಾದರೆ ಅದು ದೇಣಿಗೆಯೋ ಕೈಗಡವೋ ಅಂದೇ ಬರೆದಿಡಿ. ಹೀಗೆ ಬರೆಯದ ಹಣ ಮುಂದೆ ಅವರ ಮಕ್ಕಳ ಕಾಲದಲ್ಲಿ ಆಸ್ತಿಯ ತಕರಾರು ಆಗುತ್ತದೆ.

ಮೀಸಲು ಕಟ್ಟುವುದು ಒಳ್ಳೆಯ ವರ್ಷದ ಕೆಲಸ. ಟ್ರಸ್ಟ್ ಉಳಿತಾಯ ಮಾಡಬಾರದು ಎಂಬ ತಪ್ಪು ತಿಳಿವಳಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಕಾಯ್ದೆ ಆದಾಯದ ಶೇ. 15ನ್ನು ಯಾವ ಕಾರಣವನ್ನೂ ಹೇಳದೆ ಉಳಿಸಿಕೊಳ್ಳಲು ಬಿಡುತ್ತದೆ. ವರ್ಷಕ್ಕೆ 22 ಲಕ್ಷ ಬರುವ ಸಂಸ್ಥೆಗೆ ಅದು 3.3 ಲಕ್ಷ, ಮೂರು ವರ್ಷ ಬಿಡದೆ ಉಳಿಸಿದರೆ ಐದು ತಿಂಗಳಿಗೂ ಮೀರಿದ ಖರ್ಚು ಕೈಯಲ್ಲಿರುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ನಿರ್ದಿಷ್ಟ ಉದ್ದೇಶ ಬರೆದು, ನಿಗದಿತ ನಮೂನೆ ಸಲ್ಲಿಸಿ, ಐದು ವರ್ಷದವರೆಗೆ ಕೂಡಿಡಬಹುದು.

ಉಳಿಸಲಾಗದಿದ್ದರೆ

ಎರಡು ತಿಂಗಳ ಗೆರೆ ದಾಟಿ, ಎದುರಿನ ಆರು ತಿಂಗಳಲ್ಲಿ ಖಚಿತ ಹಣ ಕಾಣದಿದ್ದರೆ ಹಸ್ತಾಂತರ ಯೋಚಿಸಿ. ಆಗ ಇನ್ನೂ ನಿಮ್ಮ ಹತ್ತಿರ ಕಟ್ಟಡ, ಪಾತ್ರೆ, ಒಳ್ಳೆಯ ಹೆಸರು ಇರುತ್ತದೆ, ಬೇರೆ ಸಂಸ್ಥೆ ಸಂತೋಷದಿಂದ ಬರುತ್ತದೆ. ಸಾಲ ಏರಿದ ಮೇಲೆ ಯಾರೂ ಬರುವುದಿಲ್ಲ. ಮಕ್ಕಳ ಪಾಲನಾ ಸಂಸ್ಥೆಯಾದರೆ ಬಾಲನ್ಯಾಯ ಕಾಯ್ದೆ 2015ರಡಿ ಇರಿಸಿಕೊಂಡ ಮಕ್ಕಳನ್ನು ನೀವಾಗಿಯೇ ಮನೆಗೆ ಕಳಿಸುವಂತಿಲ್ಲ. ಮಕ್ಕಳ ಕಲ್ಯಾಣ ಸಮಿತಿಗೆ ಮೊದಲೇ ಬರೆದು ಪ್ರತಿ ಮಗುವಿಗೂ ಆದೇಶ ಪಡೆಯಬೇಕು. ಶಾಲೆ ಓದುವ ಮಕ್ಕಳಿದ್ದರೆ ಮಾರ್ಚ್ ಪರೀಕ್ಷೆ ಮುಗಿಯುವವರೆಗಿನ ಊಟದ ಹಣವನ್ನು ಬೇರೆ ಎತ್ತಿಟ್ಟು, ಉಳಿದ ಮಾತುಕತೆ ಆಮೇಲೆ. ವೃದ್ಧರಿಗೆ ಹೊಸ ಜಾಗ ಗೊತ್ತಾದ ಮೇಲೆ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ, ಅವರ ಔಷಧಿ ಚೀಟಿ, ಆಧಾರ್, ಪಿಂಚಣಿ ಪುಸ್ತಕದ ಪಟ್ಟಿ ಮಾಡಿ ಹೊಸ ಸಂಸ್ಥೆಯವರ ಸಹಿ ಪಡೆದು ಒಪ್ಪಿಸಿ. ಉಳಿದ ಆಸ್ತಿ ಟ್ರಸ್ಟಿಗಳಿಗೆ ಸೇರುವುದಿಲ್ಲ. ಟ್ರಸ್ಟ್ ಪತ್ರದಲ್ಲಿ ಬರೆದಂತೆ ಅದೇ ಉದ್ದೇಶದ ಮತ್ತೊಂದು ಸಂಸ್ಥೆಗೆ ಹೋಗಬೇಕು. ನಿರ್ದಿಷ್ಟ ಕೆಲಸಕ್ಕೆ ಕೊಟ್ಟು ಇನ್ನೂ ಖರ್ಚಾಗದ ಹಣದ ದಾನಿಗಳಿಗೆ ಒಬ್ಬೊಬ್ಬರಿಗೂ ಪತ್ರ ಬರೆದು, ಮರಳಿ ಬೇಕೋ ಹೊಸ ಸಂಸ್ಥೆಗೆ ಕೊಡಬಹುದೋ ಎಂದು ಕೇಳಿ, ಬಂದ ಉತ್ತರಗಳನ್ನು ಲೆಕ್ಕದ ಪುಸ್ತಕಗಳ ಜೊತೆಗೇ ಇಡಿ.